ಹಗೇವು, ಕೊಟ್ಟಿಗೆ, ಕಣ : ನಮ್ಮ ಸೀಮೆಯ ಧಾನ್ಯಗೃಹಗಳ ವಿಚಾರ

ಬೀದರ ನಗರಕ್ಕೆ ಪೂರ್ವದಲ್ಲಿ, ಸಮೀಪದಲ್ಲಿಯೇ ಇರುವ ಅಷ್ಟೂರ ಗ್ರಾಮವು ಬಹಮನಿ ಸುಲ್ತಾನರ ಗುಮ್ಮಟಗಳಿಂದ ಪ್ರಸಿದ್ಧವಾದುದು. 1436ರಲ್ಲಿ ಕಾಲವಾದ ಅಹಮದ್ ಶಾಹ ವಲಿಯ ಸಮಾಧಿಯಲ್ಲಿ ಅಲ್ಲಮಪ್ರಭುವನ್ನೇ ಕಾಣುವ ಭಕ್ತರು ಪ್ರತಿವರ್ಷ ಅಲ್ಲಿಗೆ ಜಾತ್ರೆಗೆ ನೆರೆಯುತ್ತಾರೆ. ಗುಮ್ಮಟಗಳ ಎತ್ತರವನ್ನೂ ವರ್ಣಚಿತ್ರಗಳ ಸೊಬಗನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿರುವರು. ಆದರೆ ಆ ಗುಮ್ಮಟಗಳ ಕಲ್ಲು ಹೊತ್ತ ಕೂಲಿಯಾಳಿಗೂ ಕೋಟೆಯನ್ನು ಕಾದ ಸಿಪಾಯಿಗೂ ರೊಟ್ಟಿಯನ್ನಿತ್ತ ಜೋಳವು ವರ್ಷದ ಹನ್ನೆರಡು ತಿಂಗಳು ಎಲ್ಲಿ ಅಡಗಿತ್ತೆಂಬುದನ್ನು ಕೇಳಿದವರು ವಿರಳ. ಅದು ಅಡಗಿದ್ದುದು ರೈತನ ಹಗೇವಿನಲ್ಲಿ. ಗುಮ್ಮಟವು ಮೇಲಕ್ಕೆ ಬೆಳೆದರೆ ಹಗೇವು ಕೆಳಕ್ಕೆ ಬೆಳೆಯಿತು. ಆದುದರಿಂದಲೇ ಒಂದು ಎಲ್ಲರ ಕಣ್ಣಿಗೂ ಬಿದ್ದಿತು, ಇನ್ನೊಂದು ಮರೆಯಾಯಿತು.

ಕೆಲವು ವರ್ಷಗಳ ಕೆಳಗೆ ಪಾಠ ಹೇಳುತ್ತ ನಾನು 'ಹಗೇವು' ಎಂದರೇನೆಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿದೆನು. ಒಬ್ಬ ಜಾಣ ಹುಡುಗನು ಎದ್ದುನಿಂತು, "ಹಗೆತನ, ಗುರುಗಳೇ" ಎಂದನು. ಅವನು ರೈತನ ಮಗನೇ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ; ಎರಡು ತಲೆಮಾರುಗಳಲ್ಲಿ ನಾವು ಎಷ್ಟನ್ನು ಕಳೆದುಕೊಂಡೆವೆಂಬುದು ಮಾತ್ರ ಮನಸ್ಸಿಗೆ ನಾಟಿತು. ಈ ಲೇಖನಕ್ಕೆ ಆ ಉತ್ತರವೇ ಕಾರಣ.

ಶಬ್ದವಿಚಾರ

ಒಕ್ಕಲುತನದ ಕಟ್ಟಡಗಳನ್ನು ಕುರಿತ ನಮ್ಮ ಶಬ್ದಗಳು ಬಹು ಪ್ರಾಚೀನವಾದುವು. ನಮ್ಮ 'ಕೊಟ್ಟಿಗೆ'ಗೆ ತಮಿಳಿನ 'ಕೊಟ್ಟಗೈ', ತೆಲುಗಿನ 'ಕೊಟ್ಟಮು' ಸೋದರ ಶಬ್ದಗಳು. ದನ ಕಟ್ಟುವ ಭಾಗಕ್ಕೆ ಉತ್ತರ ಕರ್ನಾಟಕದ ಅನೇಕ ಕಡೆ 'ದನದ ಹಕ್ಕಿ' ಅಥವಾ 'ದಂದಕ್ಕಿ' ಎನ್ನುವರು. ಈ 'ಹಕ್ಕಿ'ಯು ಹಾರುವ ಪಕ್ಷಿಯಲ್ಲ. ಮಲಗುವ ಎಡೆ ಎಂಬರ್ಥದ ಹಳಗನ್ನಡದ 'ಪಕ್ಕೆ'ಯೇ 'ಹಕ್ಕೆ'ಯಾಗಿ ಹೀಗೆ ನಿಂತಿದೆ. ಒಕ್ಕುವ ಸ್ಥಳವು 'ಕಣ'. ಕಣದ ನಡುವೆ ನೆಟ್ಟ ಕಂಬ 'ಮೇಟಿ'. ಅದರಿಂದ ಬೇಸಾಯಕ್ಕೇ 'ಮೇಟಿವಿದ್ಯೆ' ಎಂಬ ಹೆಸರು ಸಂದಿತು. ಮೇವಿನ ಒಟ್ಟು 'ಬಣವೆ'. ನೆಲದೊಳಗಿನ ಧಾನ್ಯದ ಕುಳಿಯು 'ಹಗೇವು'. ನೆರೆಯ ಮರಾಠಿಗರು ಅದನ್ನು 'ಪೇವ' ಎಂದೂ ತೆಲುಗರು 'ಪಾತರ' ಎಂದೂ ಕರೆಯುವರು. ಮೂರು ಭಾಷೆಗಳು ಕೂಡುವ ನಮ್ಮ ಸೀಮೆಯಲ್ಲಿ ಈ ಮೂರು ಹೆಸರುಗಳೂ ಕಿವಿಗೆ ಬೀಳುವುದು ಸಹಜವೇ.

'ಅಂಕಣ' ಎಂಬ ಶಬ್ದವನ್ನೂ ಇಲ್ಲಿ ನೆನೆಯಬೇಕು. ಎರಡು ಕಂಬಗಳ ನಡುವಣ ಅವಕಾಶವು ಅಂಕಣ. ಮನೆಯನ್ನಾಗಲಿ ಕೊಟ್ಟಿಗೆಯನ್ನಾಗಲಿ ನಮ್ಮ ಹಿರಿಯರು ಮೊಳದಿಂದ ಅಳೆದು ಹೇಳುತ್ತಿರಲಿಲ್ಲ, 'ಮೂರು ಅಂಕಣದ್ದು, ಐದು ಅಂಕಣದ್ದು' ಎನ್ನುತ್ತಿದ್ದರು. ಇಂದಿನ ವಿದ್ಯಾರ್ಥಿಗೆ ಅಂಕಣವೆಂದರೆ ವೃತ್ತಪತ್ರಿಕೆಯಲ್ಲಿ ಮಾತ್ರ ಉಂಟು.

ಕೊಟ್ಟಿಗೆಯ ಕಟ್ಟಡ

ನಮ್ಮ ಹಳೆಯ ಒಕ್ಕಲುಮನೆಯಲ್ಲಿ ಕೊಟ್ಟಿಗೆಯು ಮನೆಯಿಂದ ಬೇರೆಯಾದ ಕಟ್ಟಡವಲ್ಲ. ತಲೆಬಾಗಿಲು ಒಂದೇ, ಅದರಲ್ಲಿಯೇ ಯಜಮಾನನೂ ಎತ್ತೂ ಒಳಗೆ ಬರಬೇಕು. ಒಳಗೆ ನೆಲವು ಎರಡು ಮಟ್ಟ. ತಗ್ಗಿನಲ್ಲಿ ದನಗಳು, ಎತ್ತರದ ಕಟ್ಟೆಯ ಮೇಲೆ ಪಡಸಾಲೆ. ಕಟ್ಟೆಯ ಅಂಚಿನಲ್ಲಿ ಗೋದಲಿ. ಪಡಸಾಲೆಯಲ್ಲಿ ಕುಳಿತವನು ಕೈ ನೀಡಿದರೆ ಕಣಿಕೆಯು ಎತ್ತಿನ ಬಾಯಿಗೆ ಮುಟ್ಟುವುದು; ರಾತ್ರಿ ಎತ್ತು ಕೆಮ್ಮಿದರೂ ಒಡೆಯನಿಗೆ ಎಚ್ಚರವಾಗುವುದು. ದೇವಣಿ ತಳಿಯ ದನಗಳಿಗೆ ಹೆಸರಾದ ಈ ಸೀಮೆಯಲ್ಲಿ ಎತ್ತೇ ಮನೆಯ ಬಲ. ಕಳ್ಳರ ಭಯವೂ ಚಳಿಯ ಬಾಧೆಯೂ ಈ ರಚನೆಯಿಂದ ಏಕಕಾಲಕ್ಕೆ ನಿವಾರಣೆಯಾಗುತ್ತಿದ್ದುವು.

ಗೋಡೆಗಳು ಕಲ್ಲು ಮತ್ತು ಕೆಸರಿನವು, ಎರಡು ಮೂರು ಅಡಿ ದಪ್ಪ. ಬೀದರದ ಪ್ರಸ್ಥಭೂಮಿಯಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು, ಔರಾದ-ಭಾಲ್ಕಿಗಳ ಎರೆಯ ಸೀಮೆಯಲ್ಲಿ ಕರಿಗಲ್ಲು. ಕಂಬ, ಬೋದಿಗೆ, ತೊಲೆ, ಜಂತೆಗಳ ಮೇಲೆ ಹಲಗೆ ಅಥವಾ ಕಟ್ಟಿಗೆ ಹರಡಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮೇಲ್ಪದರಕ್ಕೆ ಸವಳು ಮಣ್ಣು. ನೀರು ತಾಗಿದೊಡನೆ ಅದರ ಕಣಗಳು ಕದಡಿ ರಂಧ್ರಗಳನ್ನು ಮುಚ್ಚುವುದರಿಂದ ಮಾಳಿಗೆ ಸೋರದು. ಬೆಳಕಿಗೂ ಹೊಗೆಗೂ ಬೆಳಕಿಂಡಿ.

ಹಗೇವು

ಧಾನ್ಯಗೃಹಗಳಲ್ಲಿ ಅತ್ಯಂತ ಜಾಣ್ಮೆಯ ರಚನೆಯು ಹಗೇವೇ ಸರಿ. ಆಕಾರದಲ್ಲಿ ಅದು ನೆಲದಲ್ಲಿ ಹೂತ ದೊಡ್ಡ ಗಡಿಗೆ: ಬಾಯಿ ಒಬ್ಬ ಮನುಷ್ಯನು ಇಳಿಯುವಷ್ಟು, ಕೊರಳು ಕಿರಿದು, ಹೊಟ್ಟೆ ಅಗಲ. ಸ್ಥಳದ ಆಯ್ಕೆಯಲ್ಲಿಯೇ ವಿದ್ಯೆಯೆಲ್ಲ ಅಡಗಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಹಗೇವು ನಿಲ್ಲದು. ನೀರು ನಿಲ್ಲದ ದಿಬ್ಬ, ಗಟ್ಟಿಯಾದ ಗರಸು ಅಥವಾ ಜಂಬಿಟ್ಟಿಗೆಯ ನೆಲ ಬೇಕು. ನೌಬಾದಿನಲ್ಲಿ ನೆಲದಡಿಯ ನೀರಿನ ಕಾಲುವೆಯಾದ ಕರೇಜವನ್ನು ಕೊರೆಯಲು ಅನುಕೂಲವಾದ ಜಂಬಿಟ್ಟಿಗೆಯೇ ಧಾನ್ಯದ ಕುಳಿಗೂ ಅನುಕೂಲವಾಯಿತು. ಒಂದೇ ನೆಲವು ಒಂದೆಡೆ ನೀರನ್ನು ಹರಿಸಿತು, ಇನ್ನೊಂದೆಡೆ ಕಾಳನ್ನು ಒಣಗಿಟ್ಟು ಕಾಯ್ದಿತು.

ಕುಳಿಯನ್ನು ತೋಡಿ ಒಳಗೆ ಬೆಂಕಿಯಿಟ್ಟು ತೇವವನ್ನು ಹೀರಿಸುವರು. ಗೋಡೆಗೆ ಸಗಣಿ-ಮಣ್ಣು ಸಾರಿಸುವರು. ತಳಕ್ಕೂ ಸುತ್ತಲೂ ಒಣ ಹೊಟ್ಟು ಹುಲ್ಲುಗಳ ಪದರ ಹಾಕುವರು. ಚೆನ್ನಾಗಿ ಒಣಗಿದ ಜೋಳವನ್ನು ಕೊರಳವರೆಗೆ ತುಂಬಿ, ಮೇಲೆ ಹುಲ್ಲು, ಅದರ ಮೇಲೆ ಹಾಸುಗಲ್ಲು, ಸಂದುಗಳಿಗೆ ಮಣ್ಣು. ಅನಂತರದ ಕಾರ್ಯವನ್ನು ಕಾಳೇ ಮಾಡುವುದು. ಕಾಳೂ ಅದರೊಳಗಿನ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸುತ್ತವೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಹುಳು ಸಾಯುತ್ತದೆ. ಹೀಗೆ ಯಾವ ಔಷಧಿಯೂ ಇಲ್ಲದೆ ಜೋಳವು ವರ್ಷಗಟ್ಟಲೆ ಉಳಿಯುವುದು. ಗೋಡೆಗೆ ಹತ್ತಿದ ಕಾಳು ಮಾತ್ರ ಮುಗ್ಗಿ ದನಗಳ ಪಾಲಾಗುವುದು. ಬಿತ್ತನೆಯ ಬೀಜವನ್ನು ಹಗೇವಿಗೆ ಹಾಕದೆ ಬೂದಿ ಬೇವಿನೆಲೆಗಳೊಡನೆ ಮಡಕೆಗಳಲ್ಲಿ ಬೇರೆಯಾಗಿಡುವರು. ಇಂದು ಕೃಷಿವಿಜ್ಞಾನಿಗಳು ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳನ್ನು ಶಿಫಾರಸು ಮಾಡುವುದು ಇದೇ ತತ್ತ್ವದ ಮೇಲೆ ಎಂಬುದು ಗಮನಾರ್ಹ.

ಕಾಳನ್ನು ಕಾಯುವ ಈ ಗಾಳಿಯೇ ಮನುಷ್ಯನ ಪ್ರಾಣಕ್ಕೆ ಎರವಾಗಬಲ್ಲದು. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಹಗೇವನ್ನು ತೆರೆದ ದಿನ ನಾನು ಇಣುಕಲು ಓಡಿದಾಗ ಅಜ್ಜನು ತೋಳು ಹಿಡಿದು ಎಳೆದನು. ಹಗ್ಗಕ್ಕೆ ಕಂದೀಲು ಕಟ್ಟಿ ಒಳಗೆ ಇಳಿಬಿಟ್ಟನು. ಅದು ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. "ದೀಪ ಆರತದಂದ್ರ ಜೀವಾನೂ ಆರತದ ತಮ್ಮಾ, ತಾಳು" ಎಂದನು. ಮರುದಿನ ಮುಂಜಾನೆ ಕಂದೀಲು ತಳದವರೆಗೂ ಉರಿದ ಮೇಲೆಯೇ ಆಳು ಇಳಿದದ್ದು. ಶಾಲೆಯ ಮುಖ ಕಾಣದ ಅಜ್ಜನ ಆ ಪಾಠವನ್ನು ನಾನು ಯಾವ ವಿಜ್ಞಾನದ ಪುಸ್ತಕದಲ್ಲಿಯೂ ಅಷ್ಟು ಸ್ಪಷ್ಟವಾಗಿ ಓದಿಲ್ಲ.

ಕಣಜ ಮತ್ತು ಕರುಣೆ

ಕೂಡಿಟ್ಟ ಕಾಳು ಯಾರದೆಂಬ ಪ್ರಶ್ನೆಯೂ ಈ ನಾಡಿನಲ್ಲಿ ಹಳೆಯದೇ. ಹದಿನೈದನೆಯ ಶತಮಾನದ ಕ್ಷಾಮವೊಂದರಲ್ಲಿ, ಬೀದರದ ಸುಲ್ತಾನನ ಅಧಿಕಾರಿಯಾಗಿ ಮಂಗಳವೇಢೆಯಲ್ಲಿದ್ದ ದಾಮಾಜಿಪಂತನು ಸರಕಾರದ ಕಣಜಗಳನ್ನು ಹಸಿದವರಿಗೆ ತೆರೆದನೆಂದೂ, ಅವನನ್ನು ಶಿಕ್ಷೆಯಿಂದ ಉಳಿಸಲು ಪಂಢರಪುರದ ವಿಠಲನೇ ಮಹಾರನ ವೇಷದಲ್ಲಿ ಬೀದರಕ್ಕೆ ಬಂದು ಧಾನ್ಯದ ಹಣ ಸಂದಾಯ ಮಾಡಿದನೆಂದೂ ಐತಿಹ್ಯವುಂಟು. ಅದಕ್ಕೂ ಪೂರ್ವದಲ್ಲಿ, ಇದೇ ಜಿಲ್ಲೆಯ ಕಲ್ಯಾಣದಲ್ಲಿ, ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆ ಎಲ್ಲರಿಗೂ ವಿದಿತವೇ. ಒಂದು ಕಥೆಯು ತುಂಬಿದ ಕಣಜವನ್ನು ತೆರೆಯಬೇಕೆನ್ನುತ್ತದೆ, ಇನ್ನೊಂದು ದುರಾಸೆಯಿಂದ ತುಂಬಬಾರದೆನ್ನುತ್ತದೆ. ಇವೆರಡರ ನಡುವೆ ಹಗೇವಿನ ಧರ್ಮವಿದೆ: ಬರಗಾಲಕ್ಕೆ ಇಡು, ಬರಗಾಲದಲ್ಲಿ ಕೊಡು.

ಅವನತಿಯ ಕಾರಣಗಳು

ಹಗೇವುಗಳು ಒಮ್ಮೆಲೇ ಅಳಿಯಲಿಲ್ಲ. 1965ರಲ್ಲಿ ಭಾರತೀಯ ಆಹಾರ ನಿಗಮವು ಸ್ಥಾಪಿತವಾಯಿತು; ಉಗ್ರಾಣಗಳೂ ನ್ಯಾಯಬೆಲೆ ಅಂಗಡಿಗಳೂ ಹೆಚ್ಚಿದುವು; ಮನೆಯಲ್ಲಿಯೇ ಎರಡು ವರ್ಷದ ಕಾಳು ಇಡುವ ಅಗತ್ಯ ಕಡಿಮೆಯಾಯಿತು. ಇದು ಬಡವರಿಗೆ ಉಪಕಾರವೇ ಆಯಿತೆಂಬುದನ್ನು ಮರೆಯಲಾಗದು. ತರುವಾಯ ಜೋಳದ ಹೊಲಗಳಿಗೆ ಸೋಯಾ, ಕಬ್ಬುಗಳು ಬಂದುವು. ಸೋಯಾ ರಾಶಿಯು ಕಣದಿಂದ ನೇರವಾಗಿ ಪೇಟೆಗೆ ಹೋಗುವುದು. ಅದಕ್ಕೆ ಹಗೇವು ಬೇಡ, ಅದರಿಂದ ಕಣಿಕೆಯ ಬಣವೆಯೂ ಆಗದು. ಟ್ರ್ಯಾಕ್ಟರು ಬಂದ ಮೇಲೆ ಗೋದಲಿ ಬರಿದಾಯಿತು.

ಮಣ್ಣಿನ ಮಾಳಿಗೆಯ ಮೇಲಣ ನಂಬಿಕೆಯನ್ನು ಮುರಿದುದು 1993ರ ಸಪ್ಟೆಂಬರ್ 30ರ ಬೆಳಗಿನ ಜಾವದ ಕಿಲ್ಲಾರಿ ಭೂಕಂಪ. ನೆರೆಯ ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನರು ತಮ್ಮ ಮನೆಗಳ ಕೆಳಗೇ ಅಡಗಿಹೋದರು. ವರ್ಷವರ್ಷವೂ ಮಾಳಿಗೆಗೆ ಸೇರಿಸುತ್ತ ಬಂದ ಮಣ್ಣಿನ ಭಾರ, ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಅಡ್ಡಗಲ್ಲುಗಳಿಲ್ಲದ ಕೆಸರುಗಟ್ಟು—ಇವು ಮುಖ್ಯ ದೋಷಗಳೆಂದು ತಿಳಿದವರು ಕಂಡುಕೊಂಡರು. ಹಿರಿಯರದೆಲ್ಲ ನಿರ್ದೋಷವೆನ್ನುವುದು ಪಾಂಡಿತ್ಯವಲ್ಲ. ಆದರೆ ದೋಷವನ್ನು ತಿದ್ದುವ ಬದಲು ವಿದ್ಯೆಯನ್ನೇ ತೊರೆದು, ಬೇಸಗೆಯಲ್ಲಿ ಕಾದ ಹೆಂಚಿನಂತಾಗುವ ತಗಡಿನ ಕೆಳಗೆ ದನಗಳನ್ನು ಕಟ್ಟುವುದೂ ವಿವೇಕವೆನಿಸದು.

ಉಪಸಂಹಾರ

ಪುನಃ ಎಲ್ಲರೂ ಹಗೇವು ತೋಡಿರೆಂದು ನಾನು ಹೇಳುತ್ತಿಲ್ಲ. ಕಾಲವು ಹಿಂದಕ್ಕೆ ಹರಿಯದು. ಆದರೆ ಹಗೇವಿಗೆ ಇಳಿದು ಬಲ್ಲವರು, ಮಾಳಿಗೆಗೆ ಮಣ್ಣು ಹಾಕಿ ಬಲ್ಲವರು ಇನ್ನೂ ಕೆಲವರು ನಮ್ಮ ನಡುವೆ ಇರುವರು. ಅವರು ಹೋದ ಮೇಲೆ ಈ ವಿದ್ಯೆಯನ್ನು ಕೇಳಲು ಯಾರ ಬಳಿಗೆ ಹೋಗೋಣ? ಆದುದರಿಂದ ಶಿಕ್ಷಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಪ್ರತಿಯೊಬ್ಬ ವಿದ್ಯಾರ್ಥಿಯೂ ರಜೆಯಲ್ಲಿ ತನ್ನೂರಿನ ಒಬ್ಬ ಹಿರಿಯರನ್ನು ಕಂಡು, ಕಣ, ಕೊಟ್ಟಿಗೆ, ಹಗೇವುಗಳ ಹತ್ತು ಶಬ್ದಗಳನ್ನು ಅರ್ಥಸಹಿತ ಬರೆದು ತರಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆ ಕೆಡಹುವ ಮುನ್ನ ಅದರ ಒಂದು ನಕ್ಷೆಯನ್ನೂ ಒಂದು ಛಾಯಾಚಿತ್ರವನ್ನೂ ಶಾಲೆಗೆ ಕಳುಹಲಿ; ಬಾಯಿ ತೆರೆದ ಹಾಳು ಹಗೇವುಗಳಿದ್ದರೆ ಮಕ್ಕಳೂ ದನಗಳೂ ಬೀಳದಂತೆ ಮುಚ್ಚಿಸಲಿ. ದಾನಿಗಳ ನೆರವಿನಿಂದ ಶಾಲೆಯ ಒಂದು ಕೋಣೆಯಲ್ಲಿ ಗೋದಲಿ, ಮೇಟಿ, ಕಂದೀಲುಗಳೂ ಒಂದು ಹಗೇವಿನ ಛೇದಚಿತ್ರವೂ ನೆಲೆಗೊಂಡರೆ ಸಾಕು.

ಆಗ ಮುಂದೊಂದು ದಿನ ಹಗೇವೆಂದರೇನೆಂದು ಕೇಳಿದಾಗ, ತರಗತಿಯ ಕೊನೆಯ ಸಾಲಿನ ಹುಡುಗನೂ ಎದ್ದುನಿಂತು, "ನಮ್ಮ ಮುತ್ತಜ್ಜ ಬರಗಾಲಕ್ಕೆಂದು ಜೋಳ ಇಟ್ಟಿದ್ದ ಕುಳಿ, ಗುರುಗಳೇ" ಎಂದಾನು.