ಮಳೆನೀರಿನಲ್ಲಿ ನಡೆದ ದಿನವನ್ನು ಬರೆದಿಡಿರಿ



ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ವಾಚನಾಲಯದ ಬಾಗಿಲಲ್ಲಿ ಒದ್ದೆ ಚಪ್ಪಲಿಗಳ ಸಾಲು ಬೀಳುತ್ತದೆ. ಲೋಕಲ್ ಗಾಡಿ ನಿಂತ ದಿನ ಮೊಣಕಾಲುದ್ದದ ನೀರಿನಲ್ಲಿ ಕಾಲೆಳೆಯುತ್ತ ಬಂದವರು ಪತ್ರಿಕೆ ತಿರುವಿ, "ಏನು ಮಳೆ ಮಾರಾಯರೇ!" ಎಂದು ಹೇಳಿ ಖೋಲಿಗೆ ಹೋಗುತ್ತಾರೆ. ಮರುದಿನ ಬಿಸಿಲು ಬಂದರೆ ಎಲ್ಲವೂ ಮರೆತುಹೋಗುತ್ತದೆ. ಹಾಗೆ ಮರೆಯಬಾರದೆಂಬುದೇ ಈ ಪಾಠದ ತಾತ್ಪರ್ಯ.

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ದಿನವೂ ಬರುತ್ತಿದ್ದ, ಹೋಟೆಲಿನಲ್ಲಿ ದುಡಿಯುವ ತರುಣನೊಬ್ಬನಿಗೆ ಜ್ವರ ಬಂತು. ಮೀನಖಂಡ ಮುಟ್ಟಿದರೆ ಕೂಗುವಷ್ಟು ನೋವು. "ದಿನವೆಲ್ಲ ನಿಂತು ಕೆಲಸ ಮಾಡುವವನಿಗೆ ಕಾಲು ನೋಯದೆ ಇನ್ನೇನು?" ಎಂದು ನಾವೇ ಹೇಳಿದೆವು. ಖಾಡಾ ಬಿದ್ದರೆ ಪಗಾರ ಹೋಗುತ್ತದೆಂಬ ಹೆದರಿಕೆಯಿಂದ ಅವನು ಅಂಗಡಿಯ ಗುಳಿಗೆ ನುಂಗಿ ಮೂರು ದಿನ ಕೆಲಸಕ್ಕೂ ಹೋದ. ನಾಲ್ಕನೆಯ ದಿನ ಕಣ್ಣು ಹಳದಿಯಾಯಿತು, ಮೂತ್ರ ಕಡಿಮೆಯಾಯಿತು. ಕಾಮಾಲೆಯೆಂದು ತಿಳಿದು ಊರಿನಿಂದ ಬೇರಿನ ಔಷಧಿ ತರಿಸುವ ಮಾತೂ ನಡೆಯಿತು. ಕೊನೆಗೆ ಆಸ್ಪತ್ರೆಗೆ ಒಯ್ದಾಗ ಡಾಕ್ಟರರು ಕೇಳಿದ ಮೊದಲ ಪ್ರಶ್ನೆ: "ಇವರು ಮಳೆನೀರಿನಲ್ಲಿ ನಡೆದದ್ದು ಯಾವಾಗ?" ಜೊತೆಗಿದ್ದ ನಾಲ್ವರಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ದೈವ ದೊಡ್ಡದು, ಹುಡುಗ ಉಳಿದ. ಆದರೆ ಮೂರು ದಿನದ ಪಗಾರ ಉಳಿಸಲು ಹೋಗಿ ಎರಡು ತಿಂಗಳ ಪಗಾರ ಕಳೆದುಕೊಂಡ.

ಆ ರೋಗ ಇಲಿಜ್ವರ. ವೈದ್ಯರು ಲೆಪ್ಟೋಸ್ಪೈರೋಸಿಸ್ ಎನ್ನುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಗದ್ದೆಗಳಲ್ಲಿ ಕೆಲಸ ಮಾಡುವವರಿಗೆ ಈ ಹೆಸರು ಹೊಸದಲ್ಲ. ಇದರ ರೋಗಾಣು ಇಲಿ, ಹೆಗ್ಗಣಗಳ ಮೂತ್ರದಲ್ಲಿರುತ್ತದೆ. ನಾಯಿ, ದನಗಳ ಮೂತ್ರದಲ್ಲಿಯೂ ಇರಬಹುದು. ಗಟಾರ ಉಕ್ಕಿ ಬೀದಿಯ ನೀರಿನೊಡನೆ ಬೆರೆತಾಗ ರೋಗಾಣು ಅದರಲ್ಲಿ ಸೇರುತ್ತದೆ. ಕಾಲಿನ ಗಾಯ, ಬೆರಳ ಸಂದಿಯ ಬಿರುಕು, ಚಪ್ಪಲಿ ತಿಂದ ಹುಣ್ಣು ಇವೇ ಅದಕ್ಕೆ ಬಾಗಿಲು. ಕಣ್ಣು, ಮೂಗು, ಬಾಯಿಗಳ ಮೂಲಕವೂ ಒಳಹೊಗಬಲ್ಲದು. ರೋಗಿಯಿಂದ ಪಕ್ಕದವರಿಗೆ ಅಂಟುವುದು ತೀರ ಅಪರೂಪ. ಆದ್ದರಿಂದ ರೋಗಿಯನ್ನು ದೂರವಿಡುವ ಕಾರಣವಿಲ್ಲ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಸಾವಿರಾರು ಜನ ಕೊಳೆನೀರಿನಲ್ಲಿ ಗಂಟೆಗಟ್ಟಲೆ ನಡೆದು ಮನೆ ಸೇರಿದರು. ಮುಂದಿನ ವಾರಗಳಲ್ಲಿ ನಗರದಲ್ಲಿ ಇಲಿಜ್ವರ ಹಬ್ಬಿತು.

ಈ ರೋಗದ ಮೋಸ ಇರುವುದು ದಿನಗಳ ಅಂತರದಲ್ಲಿ. ನೀರಿನಲ್ಲಿ ನಡೆದ ಮರುದಿನವೇ ಜ್ವರ ಬಂದರೆ ಯಾರಾದರೂ ಕಾರಣ ಊಹಿಸಬಹುದು. ಆದರೆ ಸಾಮಾನ್ಯವಾಗಿ 5ರಿಂದ 14 ದಿನ ಕಳೆದ ಮೇಲೆ, ಕೆಲವೊಮ್ಮೆ ಒಂದು ತಿಂಗಳ ಮೇಲೆಯೂ ಅದು ತಲೆಯೆತ್ತುತ್ತದೆ. ಅಷ್ಟರಲ್ಲಿ ಮಳೆಯ ನೆನಪು ಯಾರಿಗಿರುತ್ತದೆ? ಆದುದರಿಂದ ನಾವು ಮಾಡಬೇಕಾದದ್ದು ಇಷ್ಟು:

1. ನಿಂತ ನೀರಿನಲ್ಲಿ ನಡೆಯುವುದನ್ನು ಆದಷ್ಟು ತಪ್ಪಿಸಿರಿ. ಕಾಲಿಗೆ ಗಾಯವಿದ್ದರೆ ನೀರು ತಾಗದ ಪಟ್ಟಿ ಹಚ್ಚಿ ಗಮ್‌ಬೂಟು ಧರಿಸಿರಿ. ಬರಿಗಾಲು ಬೇಡವೇ ಬೇಡ.

2. ನೀರಿನ ಕೆಳಗೆ ತೆರೆದ ಮ್ಯಾನ್‌ಹೋಲ್ ಇರಬಹುದು. 2017ರ ಆಗಸ್ಟ್ 29ರ ಮಳೆಯಲ್ಲಿ ಮನೆಗೆ ನಡೆದು ಹೋಗುತ್ತಿದ್ದ ಪ್ರಸಿದ್ಧ ವೈದ್ಯ ಡಾ. ದೀಪಕ್ ಅಮರಾಪುರ್ಕರ್ ಅವರು ಹಾಗೆಯೇ ತೀರಿಕೊಂಡರು. ನೆಲ ಕಾಣದಿದ್ದರೆ ನಿಲ್ಲಿರಿ, ತಡವಾದರೂ ಚಿಂತೆಯಿಲ್ಲ. ಮುಚ್ಚಳವಿಲ್ಲದ್ದು ಕಂಡರೆ ನಗರಪಾಲಿಕೆಯ 1916 ನಂಬರಿಗೆ ತಿಳಿಸಿರಿ.

3. ಮನೆ ಮುಟ್ಟಿದೊಡನೆ ಸಾಬೂನು ಹಚ್ಚಿ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ ಒಣಗಿಸಿರಿ.

4. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಪೆನ್ಸಿಲಿನಿಂದ ಗುರುತು ಹಾಕಿರಿ. ಖೋಲಿಯಲ್ಲಿ ಆರು ಜನ ಇದ್ದರೆ ಯಾರು ನಡೆದರೆಂದು ಹೆಸರಿನ ಮೊದಲಕ್ಷರವನ್ನೂ ಬರೆಯಿರಿ.

5. 72 ಗಂಟೆಗಳೊಳಗೆ ಹತ್ತಿರದ ನಗರಪಾಲಿಕೆ ದವಾಖಾನೆಗೆ ಹೋಗಿ ಕೇಳಿರಿ. ಬೇಕೆನಿಸಿದರೆ ಡಾಕ್ಟರರು ರೋಗ ತಡೆಯುವ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುತ್ತಾರೆ. ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಔಷಧಿ ಬೇರೆ. ಆದ್ದರಿಂದ ಒಬ್ಬರಿಗೆ ಕೊಟ್ಟದ್ದನ್ನು ಮನೆಯವರೆಲ್ಲ ಹಂಚಿಕೊಳ್ಳಬಾರದು.

6. ಗುರುತಿನ ದಿನದಿಂದ ಒಂದು ತಿಂಗಳೊಳಗೆ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇವು ಕಂಡರೆ ಅದೇ ದಿನ ಡಾಕ್ಟರರಿಗೆ ತಾರೀಖು ಸಮೇತ ತಿಳಿಸಿರಿ. ಆರಂಭದಲ್ಲಿ ಸಾಮಾನ್ಯ ಔಷಧಿಗೆ ಬಗ್ಗುವ ಈ ರೋಗ ತಡವಾದರೆ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳನ್ನು ಕೆಡಿಸುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮಳೆಗಾಲದ ಜ್ವರವೆಲ್ಲ ಇಲಿಜ್ವರವಲ್ಲ. ಮಲೇರಿಯಾ ಇರಬಹುದು, ಡೆಂಗ್ಯೂ ಇರಬಹುದು. ಹಣೆ ಮುಟ್ಟಿ ಇದನ್ನು ಹೇಳಲಾಗದು, ರಕ್ತಪರೀಕ್ಷೆಯೇ ಬೇಕು. ಡೆಂಗ್ಯೂ ಇದ್ದಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುವುದರಿಂದ, ಮೈಕೈ ನೋವಿಗೆಂದು ಅಂಗಡಿಯವನು ಕೊಟ್ಟ ಗುಳಿಗೆಯನ್ನು ಕಣ್ಣುಮುಚ್ಚಿ ನುಂಗಬಾರದು. ಈ ಎರಡು ರೋಗಗಳ ಸೊಳ್ಳೆ ನಮ್ಮ ಮನೆಯ ನೀರಿನಲ್ಲೇ ಹುಟ್ಟುತ್ತದೆ: ಮುಚ್ಚಳ ಸರಿಯಿಲ್ಲದ ಟಾಂಕಿ, ಮೋರಿಯ ಪಕ್ಕದ ಪಿಂಪು, ಮಾಡಿನ ಮೇಲಿನ ಹಳೆಯ ಟಯರು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ, ರಜೆಯ ದಿನ, ಪಿಂಪು ಬರಿದುಮಾಡಿ ಒಳಗೆ ತಿಕ್ಕಿ ಒಣಗಿಸಿದರೆ ಅದರ ಸಂತಾನ ಅಲ್ಲಿಗೇ ನಿಲ್ಲುತ್ತದೆ. ಎಂಜಲು, ಕಸ ಬಿಸಾಡದಿದ್ದರೆ ಇಲಿಗೂ ನಮ್ಮ ಚಾಳಿನಲ್ಲಿ ಕೂಳು ಸಿಗದು.

ಊರಿನಲ್ಲಿ ಜ್ವರ ಬಂದರೆ ಅಮ್ಮ ಕೇಳುತ್ತಿದ್ದಳು, "ನಿನ್ನೆ ಎಲ್ಲಿಗೆ ಹೋಗಿದ್ದೆ, ಏನು ತಿಂದೆ?" ಎಂದು. ಇಲ್ಲಿ ಖೋಲಿಯ ಗೆಳೆಯರೇ ಒಬ್ಬರಿಗೊಬ್ಬರು ಅದನ್ನು ಕೇಳಬೇಕಾಗಿದೆ. ನಾವು ಅಂದು ಕೇಳಲಿಲ್ಲ. ಅದಕ್ಕಾಗಿ ಈಗ ವಾಚನಾಲಯದ ಗೋಡೆಗೂ ಒಂದು ಕ್ಯಾಲೆಂಡರು ತೂಗುಹಾಕಿ, ದಾರದಲ್ಲಿ ಪೆನ್ಸಿಲು ಕಟ್ಟಿದ್ದೇವೆ. ನೀರಿನಲ್ಲಿ ನಡೆದು ಬಂದವರು ಪತ್ರಿಕೆ ಹಿಡಿಯುವ ಮೊದಲು ಅದರಲ್ಲಿ ಗುರುತು ಹಾಕಬೇಕಾಗಿ ಪ್ರಾರ್ಥನೆ. ದವಾಖಾನೆಯಲ್ಲಿ ಮರಾಠಿ, ಹಿಂದಿ ಮಾತನಾಡಲು ಸಂಕೋಚಪಡುವವರು ಸಂಜೆ ಬಂದು ತಿಳಿಸಿದರೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ.