ಐಸಿಯು ಶುದ್ಧಿ: ಮೊದಲು ತೊಳೆಯಬೇಕು

ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಕೆಲಸ ಮಾಡುವ ಸದ್ಭಕ್ತರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ: ಲೋಹದ ಮೇಲಿನ ಎಣ್ಣೆಯ ಜಿಡ್ಡನ್ನು ಮೊದಲು ತೊಳೆಯದಿದ್ದರೆ ಲೇಪನ ಹಿಡಿಯುವುದಿಲ್ಲ, ಸುಲಿದು ಬರುತ್ತದೆ. ಆಸ್ಪತ್ರೆಯ ಉಪಕರಣಗಳ ಶುದ್ಧಿಗೂ ಇದೇ ನಿಯಮ. ಒಣಗಿ ಅಂಟಿದ ಕಫ, ರಕ್ತ, ಬೆವರಿನ ಮೇಲೆ ಎಷ್ಟು ಕ್ರಿಮಿನಾಶಕ ಸುರಿದರೂ ಆ ಪದರದ ಅಡಿಯಲ್ಲಿರುವ ರೋಗಾಣುಗಳು ಕ್ಷೇಮವಾಗಿಯೇ ಉಳಿಯಬಲ್ಲವು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ದೊಡ್ಡ ಆಸ್ಪತ್ರೆಗಳಿಗೆ ಬಂಧುಗಳನ್ನು ಸೇರಿಸಿದವರು ‘ಇನ್ನೂ ಪ್ರಬಲವಾದ ಆಂಟಿಬಯೋಟಿಕ್ ಕೊಡಿ’ ಎಂದು ವೈದ್ಯರನ್ನು ಒತ್ತಾಯಿಸುವುದುಂಟು. ಕಾರ್ಬಪೆನೆಮ್ ಎಂಬ ಪ್ರಬಲ ಔಷಧಗಳಿಗೂ ಮಣಿಯದ ಅಸಿನೆಟೋಬ್ಯಾಕ್ಟರ್‌ನಂಥ ರೋಗಾಣುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿಯೂ 2024ರಲ್ಲಿಯೂ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿದೆ. ಇವು ಒಣ ಮೇಲ್ಮೈಯಲ್ಲಿ ವಾರಗಟ್ಟಲೆ ಜೀವಿಸಬಲ್ಲವು. ಮಂಚದ ಕಂಬಿ, ಮಾನಿಟರಿನ ಗುಂಡಿ, ಸ್ಟೆತಸ್ಕೋಪ್, ಎಲ್ಲಕ್ಕಿಂತ ಮಿಗಿಲಾಗಿ ಒಬ್ಬ ರೋಗಿಯ ತೋಳಿನಿಂದ ಇನ್ನೊಬ್ಬರ ತೋಳಿಗೆ ಹೋಗುವ ಬಿ.ಪಿ. ಪಟ್ಟಿ ಇವುಗಳ ವಾಹನ. ಔಷಧ ಸೋತಲ್ಲಿ ಉಳಿಯುವ ದೊಡ್ಡ ತಡೆಯೆಂದರೆ ಶುದ್ಧವಾದ ಕೈ ಹಾಗೂ ಶುದ್ಧವಾದ ಉಪಕರಣ. ತೊಳೆದ ಬಳಿಕ ಹಚ್ಚಿದ ಕ್ರಿಮಿನಾಶಕವೂ ಬಾಟಲಿಯ ಮೇಲೆ ನಮೂದಿಸಿದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ಹಚ್ಚಿದ ಕೂಡಲೇ ಒರೆಸಿಬಿಟ್ಟರೆ ಫಲವಿಲ್ಲ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಗಾಯಗೊಂಡವನಿಗೆ ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪಿನ ಧೂಪ ವಿಧಿಸಿದೆ. ಇದನ್ನು ನಮ್ಮವರು ಅಭಿಮಾನದಿಂದ ಉದಾಹರಿಸುತ್ತಾರೆ. ಅದಕ್ಕೂ ಮೊದಲು ಅದೇ ಅಧ್ಯಾಯವು ಶುಚಿಯಾದ ಮನೆಯನ್ನು ಹೇಳಿದೆ ಎಂಬುದನ್ನು ಮಾತ್ರ ಮರೆಯುತ್ತಾರೆ! ಆಮ್ಲಜನಕ ಹರಿಯುವ ಐಸಿಯುನಲ್ಲಂತೂ ಧೂಪದ ಮಾತೇ ಬೇಡ.

ರೋಗಿಯನ್ನು ಕಾಣಲು ಹೋಗುವವರು ಒಳಗೆ ಹೋಗುವಾಗಲೂ ಹೊರಬರುವಾಗಲೂ ಕೈ ತೊಳೆಯಬೇಕು. ಮೊಬೈಲು, ಕೈಚೀಲಗಳನ್ನು ಹಾಸಿಗೆಯ ಮೇಲೆ ಇಡಬಾರದು. ಬಿ.ಪಿ. ಪಟ್ಟಿಯನ್ನು ಶುದ್ಧಗೊಳಿಸಲಾಗಿದೆಯೇ ಎಂದು ದಾದಿಯರನ್ನು ವಿನಯದಿಂದ ಕೇಳಿದರೆ ತಪ್ಪೇನಿಲ್ಲ. ನಳಿಕೆಗಳಿರುವ ಜಾಗದ ಹತ್ತಿರ ವಿಭೂತಿ ಹಚ್ಚುವುದನ್ನು ಗುಣವಾಗುವವರೆಗೆ ತಡೆಯುವುದು ಒಳ್ಳೆಯದು. ಇಷ್ಟಲಿಂಗವು ದೇಹದ ಮೇಲೆಯೇ ಇರಬೇಕೆಂದು ಬಯಸುವವರು ವೈದ್ಯರ ಅನುಮತಿ ಪಡೆಯಲಿ. ಬೆಳ್ಳಿಯ ಕರಡಿಗೆಯನ್ನು ತೊಳೆದು ಒರೆಸಬಹುದು. ಬೆವರು ಹೀರಿದ ನೂಲಿನ ಶಿವದಾರವನ್ನು ಹಾಗೆ ಶುದ್ಧಗೊಳಿಸಲಾಗದು, ಅದನ್ನು ದಿನವೂ ಬದಲಿಸಬೇಕು.