ಪೋಸ್ಟರಿನಲ್ಲಿ ಕೇದಗೆ ಮುಂದಲೆ ಮಸುಕಾಗದಿರಲು

ಕ್ಯಾಂಪಸ್ಸಿಗೆ ಸಾಲಿಗ್ರಾಮ ಮೇಳದ ಆಟ ಕರೆಸ್ತೀವಿ ಅಂತಿಟ್ಟುಕೊಳ್ಳಿ. ಪೋಸ್ಟರಿಗೆ ಬೇಕಾದ ವೇಷದ ಫೋಟೋ ವಾಟ್ಸಾಪಲ್ಲಿ ಬರುತ್ತೆ. ಮೊಬೈಲಲ್ಲಿ ಕೇದಗೆ ಮುಂದಲೆಯ ಜರಿಪಟ್ಟಿ ಎಣಿಸಬಹುದು; ಎ3 ಹಾಳೆಯಲ್ಲಿ ಎಲ್ಲಾ ಮಸುಕು. ಪ್ರೆಸ್ಸಿನವರನ್ನು ಬೈಯುವ ಮುಂಚೆ ಒಂದು ಭಾಗಾಕಾರ ಮಾಡಿ.

ಎ3 ಹಾಳೆಯ ಉದ್ದ 42 ಸೆಂ.ಮೀ., ಅಂದರೆ ಸುಮಾರು 16.5 ಇಂಚು. ಹತ್ತಿರದಿಂದ ನೋಡುವ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಇರಬೇಕೆಂಬುದು ರೂಢಿ. ಉದ್ದಕ್ಕೆ ಸುಮಾರು 4960 ಬೇಕಾಯ್ತು. ಕುಗ್ಗಿ ಬಂದ ಫೋಟೋ 1600 ಪಿಕ್ಸೆಲ್ ಇದ್ದರೆ ಇಂಚಿಗೆ ಸಿಗೋದು 97.

ಗಿಂಪ್‌ನ 'ಪ್ರಿಂಟ್ ಸೈಜ್'ನಲ್ಲಿ 72 ಇದ್ದದ್ದನ್ನು 300 ಅಂತ ತಿದ್ದಿದರೆ ಒಂದು ಪಿಕ್ಸೆಲ್ಲೂ ಹೆಚ್ಚಲ್ಲ, ಅಚ್ಚಾಗುವ ಅಳತೆ ಚಿಕ್ಕದಾಗುತ್ತೆ ಅಷ್ಟೆ. 'ಸ್ಕೇಲ್ ಇಮೇಜ್'ನಲ್ಲಿ ಹಿಗ್ಗಿಸಿದರೆ ಪಿಕ್ಸೆಲ್ ಹೆಚ್ಚುತ್ತವೆ, ಆದರೆ ಅವು ಅಕ್ಕಪಕ್ಕದ ಬಣ್ಣ ನೋಡಿ ಊಹಿಸಿದವು. ಕಳೆದುಹೋದ ಜರಿ ಮತ್ತೆ ಬರೋದಿಲ್ಲ.

ಫೋಟೋ ತೆಗೆದವರಿಂದ ಮೂಲ ಫೈಲನ್ನೇ 'ಡಾಕ್ಯುಮೆಂಟ್' ಆಗಿ ತರಿಸಿಕೊಳ್ಳಿ. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ ಉದ್ದಕ್ಕೆ 4000 ಇರುತ್ತೆ, ಎ3ಗೆ ಇಂಚಿಗೆ 242. ಧಾರಾಳ ಸಾಕು. ಅದೇ ಫೋಟೋ 10 ಅಡಿ ಫ್ಲೆಕ್ಸಿಗೆ ಇಂಚಿಗೆ ಬರೀ 33, ಆದರೂ ಹೆದ್ದಾರಿ 66ರ ಬಸ್ಸಿಂದ ನೋಡುವವರಿಗೆ ಏನೂ ಗೊತ್ತಾಗಲ್ಲ. ಅಕ್ಷರಗಳನ್ನು ಮಾತ್ರ ಫೋಟೋ ಜೊತೆ ಜೆಪೆಗ್ ಮಾಡಬೇಡಿ, ವೆಕ್ಟರ್ ಆಗಿಯೇ ಪಿಡಿಎಫ್‌ನಲ್ಲಿ ಕಳಿಸಿ; ಮೊದಲು ಹಾಳಾಗೋದು ನಮ್ಮ ಒತ್ತಕ್ಷರಗಳೇ.